ತರಬೇತಿ ನಡೆಯಿತು, ಏನಾದರೂ ಬದಲಾಯಿತೇ?

ಡಿಸೆಂಬರ್ ಹತ್ತಿರ ಬಂದಂತೆ ಕಾರವಾರ, ಅಂಕೋಲಾ, ಕುಮಟಾ ಕಡೆಯ ಸಂಸ್ಥೆಗಳಿಂದ ಫೋನ್ ಶುರುವಾಗುತ್ತದೆ: ‘ಮೇಡಂ, ವಾರ್ಷಿಕ ವರದಿ ಕಳಿಸಬೇಕು, ಒಂದು ಪೋಶ್ ತರಬೇತಿ ಮಾಡಿಕೊಡಿ.’ ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ (ಪೋಶ್ ಎನ್ನುವುದು ಇದನ್ನೇ) ಜಾಗೃತಿ ಕಾರ್ಯಕ್ರಮವನ್ನು ಮಾಲೀಕರ ಕರ್ತವ್ಯವಾಗಿಸಿದೆ. ಆದರೆ ತರಬೇತಿಯ ಬಗ್ಗೆ ವರದಿಯಲ್ಲಿ ಬರೆಯಬೇಕಾದದ್ದು ಎಷ್ಟು ಕಾರ್ಯಾಗಾರ ನಡೆಯಿತು ಎಂಬ ಸಂಖ್ಯೆ ಮಾತ್ರ. ಫಲ ಏನು ಎಂಬುದಕ್ಕೆ ಅಲ್ಲಿ ಜಾಗವಿಲ್ಲ. ಅದನ್ನು ನಾವೇ ಅಳೆಯಬೇಕು.

ಚಹಾ ಕುಡಿಯುತ್ತ ತುಂಬಿಸುವ ಅಭಿಪ್ರಾಯ ಪತ್ರದಲ್ಲಿ ಎಲ್ಲರೂ ‘ತುಂಬ ಚೆನ್ನಾಗಿತ್ತು’ ಎಂದೇ ಬರೆಯುತ್ತಾರೆ. ಅದು ಮೆಚ್ಚುಗೆ, ಕಲಿಕೆಯಲ್ಲ. ಕಲಿಕೆ ತಿಳಿಯಲು ನಾನು ಸೆಕ್ಷನ್ ಸಂಖ್ಯೆ ಕೇಳುವುದಿಲ್ಲ, ಒಂದು ಪ್ರಸಂಗ ಹೇಳುತ್ತೇನೆ. ಗೇರುಬೀಜದ ಕಾರ್ಖಾನೆಯಲ್ಲಿ ತೂಕ ಮಾಡುವಾಗ ಸೂಪರ್‌ವೈಸರ್ ಹೆಂಗಸಿನ ಕೈ ಹಿಡಿಯುತ್ತಾನೆ, ಬಾಯಿ ಬಿಟ್ಟರೆ ನಾಳೆಯಿಂದ ಕೆಲಸವಿಲ್ಲ ಎನ್ನುತ್ತಾನೆ. ಪಕ್ಕದಲ್ಲೇ ಇದ್ದ ನೀವು ಏನು ಮಾಡುತ್ತೀರಿ? ಇದೇ ಪ್ರಶ್ನೆಯನ್ನು ತರಬೇತಿಗೆ ಮುಂಚೆ ಒಮ್ಮೆ, ಮೂರು ನಾಲ್ಕು ತಿಂಗಳ ಮೇಲೆ ಇನ್ನೊಮ್ಮೆ ಕೇಳಬೇಕು. ಬಾಯಿಮಾತಿನಲ್ಲಿ ಕೇಳಬೇಕು, ಬೇಕಾದಲ್ಲಿ ಕೊಂಕಣಿಯಲ್ಲಿ ಕೇಳಬೇಕು. ಸೂಪರ್‌ವೈಸರ್ ಆ ಕೋಣೆಯಲ್ಲಿ ಇರಬಾರದು. ಗುತ್ತಿಗೆಯವರು, ದಿನಗೂಲಿಯವರು, ತರಬೇತಿ ಅವಧಿಯಲ್ಲಿರುವವರೂ ಕಾಯ್ದೆಯ ಪ್ರಕಾರ ನೌಕರರೇ. ಕಸ ಗುಡಿಸುವವಳನ್ನು ಹೊರಗಿಟ್ಟು ಮಾಡಿದ ಮೌಲ್ಯಮಾಪನವನ್ನು ನಾನು ಒಪ್ಪುವುದಿಲ್ಲ.

ಶಿರಸಿಯ ಅಡಿಕೆ ವಖಾರಿಗಳ, ಸಣ್ಣ ಅಂಗಡಿಗಳ ವಿಷಯ ಬೇರೆ. ಹತ್ತಕ್ಕಿಂತ ಕಡಿಮೆ ಜನ ಇದ್ದಲ್ಲಿ ಅಥವಾ ದೂರು ಮಾಲೀಕನ ಮೇಲೆಯೇ ಇದ್ದಲ್ಲಿ ಅದು ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬೇಕು. ‘ದೂರು ಎಲ್ಲಿ ಕೊಡುತ್ತೀರಿ?’ ಎಂದಾಗ ‘ಘಟ್ಟ ಇಳಿದು ಕಾರವಾರಕ್ಕೆ ಹೋಗಬೇಕಲ್ಲ, ಒಂದು ದಿನದ ಕೂಲಿ ಹೋಯ್ತು’ ಎಂಬ ಉತ್ತರ ಬಂದರೆ ತರಬೇತಿ ಅರ್ಧಕ್ಕೇ ನಿಂತಿದೆ. ತಾಲ್ಲೂಕು ಮಟ್ಟದಲ್ಲೇ ನೋಡಲ್ ಅಧಿಕಾರಿ ದೂರು ಪಡೆದು 7 ದಿನದೊಳಗೆ ಸಮಿತಿಗೆ ಕಳಿಸಬೇಕು ಎಂದು ಕಾಯ್ದೆಯೇ ಹೇಳುತ್ತದೆ. ಘಟನೆ ನಡೆದ 3 ತಿಂಗಳೊಳಗೆ ದೂರು ಕೊಡಬೇಕು, ಸಕಾರಣವಿದ್ದರೆ ಸಮಿತಿ ಇನ್ನೂ 3 ತಿಂಗಳು ವಿಸ್ತರಿಸಬಹುದು. ಇದಿಷ್ಟು ಹೆಂಗಸರಿಗೆ ನೆನಪಿದ್ದರೆ ಸ್ಲೈಡುಗಳಲ್ಲಿ ಉಳಿದದ್ದು ಮರೆತರೂ ನನಗೆ ಬೇಸರವಿಲ್ಲ.

‘ನಮ್ಮಲ್ಲಿ ಒಂದೂ ದೂರಿಲ್ಲ’ ಎಂಬುದನ್ನು ಯಶಸ್ಸೆಂದು ದಯವಿಟ್ಟು ಬರೆಯಬೇಡಿ. ಒಳ್ಳೆಯ ತರಬೇತಿಯ ನಂತರ ದೂರುಗಳು ಮೊದಲು ಹೆಚ್ಚಾಗುವುದುಂಟು, ಏಕೆಂದರೆ ಧೈರ್ಯ ಬಂದಿರುತ್ತದೆ, ದಾರಿ ಗೊತ್ತಾಗಿರುತ್ತದೆ. ಆದ್ದರಿಂದ ದೂರಿನ ಸಂಖ್ಯೆಯ ಜೊತೆಗೆ ಹೆಸರಿಲ್ಲದ ಸಮೀಕ್ಷೆಯೂ ಬೇಕು. ಅದರಲ್ಲಿ ‘ನಿಮಗೆ ಕಿರುಕುಳ ಆಗಿದೆಯೇ?’ ಎಂದು ಕೇಳಿದರೆ ಹೆಚ್ಚಿನವರು ಇಲ್ಲ ಎನ್ನುತ್ತಾರೆ. ‘ನಿಮ್ಮ ಮೈಕಟ್ಟಿನ ಬಗ್ಗೆ ಯಾರಾದರೂ ಮಾತಾಡಿದ್ದಾರೆಯೇ? ಬೇಡವೆಂದರೂ ರಾತ್ರಿ ಮೆಸೇಜ್ ಕಳಿಸಿದ್ದಾರೆಯೇ?’ ಎಂದು ನಡತೆಯನ್ನೇ ಹಿಡಿದು ಕೇಳಿದರೆ ನಿಜ ಹೊರಬರುತ್ತದೆ. ಹತ್ತು ಹದಿನೈದು ಹೆಂಗಸರಿರುವ ಕಡೆ ವಯಸ್ಸು, ವಿಭಾಗ ಕೇಳಲೇಬಾರದು. ಅಷ್ಟರಿಂದಲೇ ಯಾರೆಂದು ಗೊತ್ತಾಗಿಬಿಡುತ್ತದೆ.

ಸಂಸ್ಥೆಯೊಳಗೇ ದೂರು ವಿಚಾರಿಸುವ ಆಂತರಿಕ ಸಮಿತಿಯ ಸದಸ್ಯರಿಗೂ ಪರೀಕ್ಷೆ ಬೇಕು. ಕಲ್ಪಿತ ದೂರೊಂದನ್ನು ಕೊಟ್ಟು ನೋಡಿ: 90 ದಿನದಲ್ಲಿ ವಿಚಾರಣೆ ಮುಗಿಸುವ ಕ್ರಮ ಗೊತ್ತಿದೆಯೇ? ದೂರುದಾರಳ ಹೆಸರು ಗುಟ್ಟಾಗಿ ಉಳಿಯಿತೇ? ದೂರು ಸಾಬೀತಾಗದಿದ್ದರೆ ‘ಸುಳ್ಳು ದೂರು’ ಎಂದು ಬರೆಯಲು ಪೆನ್ನು ತೆಗೆದರೇ? ಸಾಕ್ಷ್ಯ ಸಾಲದೆ ಹೋದ ಮಾತ್ರಕ್ಕೆ ಅವಳ ಮೇಲೆ ಕ್ರಮ ಕೈಗೊಳ್ಳುವಂತಿಲ್ಲ. ನಾನು ಕಂಡಂತೆ ಸಮಿತಿಗಳು ಎಡವುವುದು ಹೆಚ್ಚಾಗಿ ಇಲ್ಲಿಯೇ.

ಇದಕ್ಕೆಲ್ಲ ಎರಡನೇ ಭೇಟಿ ಬೇಕು. ಕರೆಯುವ ಸಂಸ್ಥೆಗಳಿಗೆ ನಾನು ಮೊದಲೇ ಹೇಳುವುದು ಇದನ್ನೇ: ತರಬೇತಿಗೆ ಒಂದು ದಿನ ಕೊಟ್ಟರೆ, ನಾಲ್ಕು ತಿಂಗಳ ನಂತರ ಅರ್ಧ ದಿನ ಕೊಡಿ, ಆ ಹೊತ್ತಿನ ಕೂಲಿಯನ್ನೂ ಕೊಡಿ.