ಡಿಕ್ಕಿ ಯಾರದೋ, ಹೆಚ್ಚಿದ ಗಾಯ ಯಾರ ಹೊಣೆ? ವಾಹನ ದೋಷದ ದಾವೆಗಳಲ್ಲಿ ಕಳೆಯುವ ಲೆಕ್ಕ

ಬ್ರೇಕ್ ಕೈಕೊಟ್ಟು ಕಾರು ಮರಕ್ಕೆ ಗುದ್ದಿದರೆ ತಯಾರಕರ ಹೊಣೆಯ ಬಗ್ಗೆ ಗೊಂದಲವಿಲ್ಲ. ಅದನ್ನು ಇಲ್ಲಿ ಬಿಡುತ್ತೇನೆ. ಕಷ್ಟ ಇರುವುದು ಇನ್ನೊಂದು ಬಗೆಯ ದಾವೆಯಲ್ಲಿ: ಅಪಘಾತಕ್ಕೆ ಕಾರಣ ಎದುರು ಬಂದ ಚಾಲಕ, ಕಾರಿನಲ್ಲಿದ್ದ ದೋಷವಲ್ಲ. ಆದರೆ ಆ ದೋಷ ಇಲ್ಲದಿದ್ದರೆ ಒಳಗಿದ್ದವರಿಗೆ ಇಷ್ಟು ಪೆಟ್ಟಾಗುತ್ತಿರಲಿಲ್ಲ. ಆಗ ತಯಾರಕರನ್ನು ಕೇಳಬಹುದೇ?

ಇದಕ್ಕೆ ಮೂಲ ಚಿಂತನೆ ಎರಡು ಡಿಕ್ಕಿಗಳದು. ಕಾರು ಇನ್ನೊಂದು ವಾಹನಕ್ಕೆ ಬಡಿಯುವುದು ಮೊದಲನೆಯದು. ಮರುಕ್ಷಣ ಒಳಗಿರುವವರ ದೇಹ ಸ್ಟೀರಿಂಗ್, ಡ್ಯಾಶ್‌ಬೋರ್ಡ್ ಅಥವಾ ಬಾಗಿಲಿಗೆ ಬಡಿಯುವುದು ಎರಡನೆಯದು. ಸೀಟ್‌ಬೆಲ್ಟ್, ಏರ್‌ಬ್ಯಾಗ್, ತಲೆಯ ಹಿಂದಿನ ಆಸರೆ, ಬಾಗಿಲಿನ ಚಿಲಕ ಇವೆಲ್ಲ ಇರುವುದು ಎರಡನೇ ಡಿಕ್ಕಿಗಾಗಿ.

ಅಮೆರಿಕದ ನ್ಯಾಯಾಲಯಗಳು ಇದನ್ನು ಮೊದಲು ಒಪ್ಪಲಿಲ್ಲ. 1966ರ ಇವಾನ್ಸ್ ಪ್ರಕರಣದಲ್ಲಿ ಏಳನೇ ಸರ್ಕಿಟ್ (ಫೆಡರಲ್ ನ್ಯಾಯಾಂಗದ ಪ್ರಾದೇಶಿಕ ವಿಭಾಗ) ಮೇಲ್ಮನವಿ ನ್ಯಾಯಾಲಯ, ಡಿಕ್ಕಿಯಲ್ಲಿ ಭಾಗವಹಿಸುವುದು ಕಾರಿನ ಉದ್ದೇಶವಲ್ಲ ಎಂದಿತು. ಕಾರು ನೀರಿಗೆ ಬೀಳಬಹುದೆಂದು ಗೊತ್ತಿದ್ದರೂ ತಯಾರಕರು ಅದಕ್ಕೆ ತೇಲುವ ಸಾಧನ ಜೋಡಿಸಬೇಕಿಲ್ಲ ಎಂಬುದು ಅದರ ವಾದ. ಎರಡು ವರ್ಷಗಳ ನಂತರ, 1968ರ ಲಾರ್ಸನ್ ಪ್ರಕರಣದಲ್ಲಿ ಎಂಟನೇ ಸರ್ಕಿಟ್ ಇದನ್ನು ಒಪ್ಪಲು ನಿರಾಕರಿಸಿತು. ಅಲ್ಲಿ ಎದುರಿನಿಂದ ಡಿಕ್ಕಿಯಾದಾಗ ಷೆವರ್ಲೆ ಕಾರ್ವೇರ್‌ನ ಸ್ಟೀರಿಂಗ್ ಹಿಂದಕ್ಕೆ ನುಗ್ಗಿ ಚಾಲಕನ ತಲೆಗೆ ಬಡಿದಿತ್ತು. ಕಾರುಗಳು ಡಿಕ್ಕಿಯಾಗುತ್ತವೆ ಎಂಬುದು ಯಾರಾದರೂ ಮುಂಗಾಣಬಲ್ಲ ಸಂಗತಿ, ಆದ್ದರಿಂದ ಅದಕ್ಕೆ ತಕ್ಕ ಎಚ್ಚರ ವಿನ್ಯಾಸದಲ್ಲಿರಬೇಕು ಎಂದಿತು. 1977ರಲ್ಲಿ ಏಳನೇ ಸರ್ಕಿಟ್ ಕೂಡ ತನ್ನ ಹಳೆಯ ನಿಲುವನ್ನು ಕೈಬಿಟ್ಟಿತು.

ಇಲ್ಲಿಯವರೆಗೆ ಓದು ಸಲೀಸು. ನನ್ನನ್ನು ನಿಲ್ಲಿಸಿದ್ದು ಲಾರ್ಸನ್ ತೀರ್ಪಿನ ಮುಂದಿನ ಮಾತು: ದೋಷವಿಲ್ಲದಿದ್ದರೂ ಬಹುಶಃ ಆಗುತ್ತಿದ್ದ ಗಾಯವನ್ನು ಬಿಟ್ಟು, ಅದಕ್ಕಿಂತ ಮೇಲಿನ ಪಾಲಿಗೆ ಮಾತ್ರ ತಯಾರಕರು ಹೊಣೆ. ಅಂದರೆ ಒಂದು ಕಳೆಯುವ ಲೆಕ್ಕ. ಒಂದು ಕಲ್ಪಿತ ಉದಾಹರಣೆ ನೋಡೋಣ. ಬಾಗಿಲಿನ ಚಿಲಕ ಕಳಚಿ ಪ್ರಯಾಣಿಕರೊಬ್ಬರು ಹೊರಗೆ ಎಸೆಯಲ್ಪಟ್ಟರು. ಅವರ ಒಟ್ಟು ನಷ್ಟ 40 ಲಕ್ಷ ರೂಪಾಯಿ. ಚಿಲಕ ಗಟ್ಟಿಯಾಗಿದ್ದರೆ ಭುಜದ ಮೂಳೆ ಮಾತ್ರ ಮುರಿದು, 6 ಲಕ್ಷದ ನಷ್ಟವಾಗುತ್ತಿತ್ತು. ತಯಾರಕರ ಪಾಲು 34 ಲಕ್ಷ. ಕಾಗದದ ಮೇಲೆ ಸುಲಭ. ಆದರೆ ಆ 6 ಲಕ್ಷ ಎಲ್ಲಿಂದ ಬಂತು? ಅದು ನಡೆದೇ ಇಲ್ಲದ ಅಪಘಾತದ ಅಂಕಿ. ಗಟ್ಟಿ ಚಿಲಕದ ಕಾರು ಆ ರಸ್ತೆಯಲ್ಲಿ ಇರಲೇ ಇಲ್ಲ. ನಡೆಯದಿದ್ದ ಅಪಘಾತವನ್ನು ರುಜುವಾತುಪಡಿಸಬೇಕಾದವರು ಯಾರು? ಇಡೀ ದಾವೆ ಈ ಪ್ರಶ್ನೆಯ ಮೇಲೆ ನಿಂತಿದೆ, ಏಕೆಂದರೆ ರುಜುವಾತಿನ ಹೊರೆ ಯಾರ ಮೇಲಿದೆಯೋ ಅವರು ಆ ಅಂಕಿ ಸಿಗದಿದ್ದಾಗ ಸೋಲುತ್ತಾರೆ.

1976ರ ಹಡೆಲ್ ಪ್ರಕರಣದಲ್ಲಿ ಮೂರನೇ ಸರ್ಕಿಟ್ ಹೊರೆಯನ್ನು ದಾವೆ ಹೂಡಿದವರ ಮೇಲೆ ಇಟ್ಟಿತು. ಇನ್ನೂ ಸುರಕ್ಷಿತವಾದ ಬದಲಿ ವಿನ್ಯಾಸ ಸಾಧ್ಯವಿತ್ತು ಎಂದು ಅವರು ತೋರಿಸಬೇಕು. ಆ ವಿನ್ಯಾಸವಿದ್ದಿದ್ದರೆ ಯಾವ ಗಾಯಗಳಾಗುತ್ತಿದ್ದವು ಎಂದು ಹೇಳಬೇಕು. ದೋಷದಿಂದ ಹೆಚ್ಚಿದ್ದು ಎಷ್ಟು ಎಂದು ಅಳೆಯುವ ದಾರಿಯನ್ನೂ ಕೊಡಬೇಕು. ಆ ಪ್ರಕರಣದಲ್ಲಿ ಗಾಯಾಳು ತೀರಿಕೊಂಡಿದ್ದರು. ಸಾವನ್ನು ಪಾಲು ಮಾಡಿ ತೋರಿಸುವುದು ಹೇಗೆ?

1982ರ ಮಿಚೆಲ್ ಪ್ರಕರಣದಲ್ಲಿ ಎಂಟನೇ ಸರ್ಕಿಟ್ ಈ ಗಂಟನ್ನು ಬೇರೆ ರೀತಿ ಬಿಚ್ಚಿತು. ಫೋಕ್ಸ್‌ವ್ಯಾಗನ್ ಕಾರಿನಿಂದ ಹೊರಬಿದ್ದ ಪ್ರಯಾಣಿಕರ ಬೆನ್ನುಮೂಳೆಗೆ ಪೆಟ್ಟಾಗಿದ್ದು ಕಾರಿನ ಒಳಗೋ ಹೊರಗೋ ಎಂಬ ವಿವಾದ ಅಲ್ಲಿತ್ತು. ಪಾರ್ಶ್ವವಾಯು, ಸಾವಿನಂಥ ಬಿಡಿಸಲಾಗದ ಹಾನಿಯಲ್ಲಿ ದೋಷವು ಗಣನೀಯ ಕಾರಣವೆಂದು ತೋರಿಸಿದರೆ ಸಾಕು, ಪಾಲು ಬೇರ್ಪಡಿಸುವ ಹೊರೆ ಪ್ರತಿವಾದಿಗಳದು ಎಂದು ತೀರ್ಪಾಯಿತು. ಕಾನೂನು ತಜ್ಞರ ಸಂಸ್ಥೆಯಾದ ಅಮೆರಿಕನ್ ಲಾ ಇನ್‌ಸ್ಟಿಟ್ಯೂಟ್ 1998ರಲ್ಲಿ ಪ್ರಕಟಿಸಿದ ಉತ್ಪನ್ನ ಹೊಣೆಗಾರಿಕೆಯ ನಿಯಮಸಂಗ್ರಹದ 16ನೇ ಸೆಕ್ಷನ್ ಇದೇ ಹಾದಿ ಹಿಡಿದಿದೆ: ಪಾಲು ಮಾಡಲು ಸಾಕ್ಷ್ಯವಿದ್ದರೆ ಹೆಚ್ಚುವರಿಗೆ ಮಾತ್ರ ಹೊಣೆ, ಇಲ್ಲದಿದ್ದರೆ ಪೂರ್ತಿ ಹಾನಿಗೆ ಹೊಣೆ. ನನಗೆ ಇದೇ ನ್ಯಾಯವೆನಿಸುತ್ತದೆ. ಡಿಕ್ಕಿ ಪರೀಕ್ಷೆಯ ದಾಖಲೆಗಳು, ಎಂಜಿನಿಯರುಗಳು, ಪ್ರಯೋಗಾಲಯ ಎಲ್ಲವೂ ಇರುವುದು ತಯಾರಕರ ಬಳಿ, ಆಸ್ಪತ್ರೆಯಲ್ಲಿ ಮಲಗಿದವರ ಬಳಿ ಅಲ್ಲ.

ಪ್ರಕರಣಗಳನ್ನು ನೆನಪಿಡಲು ನಾನು ಒಂದೇ ಪ್ರಶ್ನೆ ಬಳಸುತ್ತೇನೆ: ಗಾಯವನ್ನು ಬಿಡಿಸಲಾಗದಿದ್ದಾಗ ಸೋಲುವವರು ಯಾರು? ಗಾಯಾಳು ಎಂದಾದರೆ ಹಡೆಲ್, ತಯಾರಕರು ಎಂದಾದರೆ ಮಿಚೆಲ್.

ಭಾರತದ ಮಟ್ಟಿಗೆ ಓದಲೇಬೇಕಾದದ್ದು ಏಪ್ರಿಲ್ 2022ರ ಹುಂಡೈ ಕ್ರೆಟಾ ತೀರ್ಪು. 2015ರಲ್ಲಿ ಕೊಂಡ ಕಾರು 2017ರಲ್ಲಿ ದೆಹಲಿ–ಪಾಣಿಪತ್ ಹೆದ್ದಾರಿಯಲ್ಲಿ ಅಪಘಾತಕ್ಕೀಡಾದಾಗ ಮುಂದಿನ ಏರ್‌ಬ್ಯಾಗ್‌ಗಳು ತೆರೆದುಕೊಳ್ಳಲಿಲ್ಲ. ಮುಂಭಾಗದಿಂದ ಸಾಕಷ್ಟು ಬಲವಾದ ಪೆಟ್ಟು ಬಿದ್ದಿರಲಿಲ್ಲ ಎಂಬುದು ಕಂಪನಿಯ ವಾದ. ಗ್ರಾಹಕರು ವೇಗ, ಬಲಗಳ ಲೆಕ್ಕ ಹಾಕುವ ಭೌತಶಾಸ್ತ್ರಜ್ಞರಾಗಿರಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ಪರಿಹಾರದ ಜೊತೆಗೆ ವಾಹನ ಬದಲಿಸಿಕೊಡುವ ಆದೇಶವೂ ಉಳಿಯಿತು. ಗಮನಿಸಿ, ಅಲ್ಲಿ ಕಳೆಯುವ ಲೆಕ್ಕ ನಡೆಯಲಿಲ್ಲ. ಆದರೂ ಹೊರೆ ವಾಲಿದ ದಿಕ್ಕು ಮಿಚೆಲ್‌ನದೇ ಎಂಬುದು ನನ್ನ ಓದು.

ಆ ದೂರು 1986ರ ಗ್ರಾಹಕ ರಕ್ಷಣಾ ಕಾಯ್ದೆಯಡಿ ನಡೆದದ್ದು. 2019ರ ಕಾಯ್ದೆಯ ಆರನೇ ಅಧ್ಯಾಯ ಉತ್ಪನ್ನ ಹೊಣೆಗಾರಿಕೆಗೇ ಮೀಸಲು. ಅದರ 84ನೇ ಸೆಕ್ಷನ್ ತಯಾರಿಕೆಯ ದೋಷ, ವಿನ್ಯಾಸದ ದೋಷ ಎರಡನ್ನೂ ಹೆಸರಿಸುತ್ತದೆ. ಹೆಚ್ಚುವರಿ ಗಾಯವನ್ನು ಬೇರ್ಪಡಿಸುವ ಬಗ್ಗೆ ಮಾತ್ರ ಅಲ್ಲಿ ಒಂದು ಸಾಲೂ ಇಲ್ಲ. ದೂರು ಸಲ್ಲಿಸಲು ಕಾಲಮಿತಿ ಎರಡು ವರ್ಷ. ಡಿಕ್ಕಿ ಹೊಡೆದ ಚಾಲಕ ಮತ್ತು ಅವರ ವಿಮಾ ಕಂಪನಿಯ ವಿರುದ್ಧದ ಅರ್ಜಿ ಹೋಗುವುದು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ, ತಯಾರಕರ ವಿರುದ್ಧದ ದೂರು ಗ್ರಾಹಕ ಆಯೋಗಕ್ಕೆ. ಎರಡೂ ಕಡೆ ಮುಖ್ಯ ಸಾಕ್ಷಿ ಒಂದೇ, ನಜ್ಜುಗುಜ್ಜಾದ ಆ ಕಾರು. ತಜ್ಞರ ಪರಿಶೀಲನೆಗೆ ಮೊದಲು ಅದನ್ನು ಗುಜರಿಗೆ ಹಾಕಿದರೆ ಚಿಲಕ ಕಳಚಿತ್ತೆಂದು ತೋರಿಸಲು ಉಳಿಯುವುದು ಫೋಟೊಗಳು ಮಾತ್ರ.