ಪದ ಪರಿಚಯ: ಕಿಲುಬು

ಪುಣೆಯಲ್ಲಿ ಮಳೆ ಹಿಡಿದು ಮೂರು ವಾರವಾದರೆ ಸಾಕು, ಮನೆಯಲ್ಲಿ ಪುಟಾಣಿ ರೈಲು ಓಡಿಸುವ ಕನ್ನಡದ ಗೆಳೆಯರಿಂದ ಒಂದೇ ದೂರು: “ಹಳಿಗೆ ತುಕ್ಕು ಹಿಡಿದಿದೆ, ಇಂಜಿನ್ ತಡವರಿಸುತ್ತಿದೆ.” ಈ ವರ್ಷ ಹಾಗೆಂದವರಲ್ಲಿ ನಾಲ್ಕನೆಯವರು ಕೋಥ್ರುಡ್‌ನವರು. ನಾನು ಅವರ ಮನೆ ಮುಟ್ಟುವಷ್ಟರಲ್ಲಿ ಆರಡಿ ಹಳಿಯನ್ನು ಮರಳು ಕಾಗದದಿಂದ ತಿಕ್ಕಿ ಮುಗಿಸಿದ್ದರು. ಹಳಿ ಹೊಳೆಯುತ್ತಿತ್ತು, ನಿಜ. ಆದರೆ ಅದರ ಮೈಮೇಲೆ ಈಗ ಸಾವಿರಾರು ಸಣ್ಣ ಗೀರುಗಳಿವೆ. ಕೊಳೆ ಕೂರಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಅವರ ಕೈಗೆ ಮರಳು ಕಾಗದ ಕೊಟ್ಟದ್ದು ‘ತುಕ್ಕು’ ಎಂಬ ಪದ. ಆದ್ದರಿಂದಲೇ ಈ ಬರಹ.

ತುಕ್ಕು ಕಬ್ಬಿಣದ್ದು, ಉಕ್ಕಿನದ್ದು. ತಾಮ್ರ, ಹಿತ್ತಾಳೆ, ಕಂಚಿಗೆ ಹಿಡಿಯುವುದು ಕಿಲುಬು. ಈ ಭೇದ ಪಂಡಿತರು ಮಾಡಿದ್ದಲ್ಲ, ಅಡುಗೆಮನೆಯದು. ಕಲಾಯಿ ಹೋದ ಹಿತ್ತಾಳೆ ಪಾತ್ರೆಯಲ್ಲಿ ಮಜ್ಜಿಗೆ ಇಟ್ಟರೆ ಅದಕ್ಕೆ ಏರುವುದು ಕಿಲುಬು. ‘ಮಜ್ಜಿಗೆ ತುಕ್ಕಾಯಿತು’ ಎಂದು ಯಾರೂ ಹೇಳಿಲ್ಲ. ಜೇಬು ಬರಿದಾದಾಗ ‘ಕಿಲುಬು ಕಾಸೂ ಇಲ್ಲ’ ಎನ್ನುತ್ತೇವೆ, ಏಕೆಂದರೆ ಕಾಸು ತಾಮ್ರದ್ದಾಗಿತ್ತು. ಕತ್ತಿಗೆ ತುಕ್ಕು, ಕಾಸಿಗೆ ಕಿಲುಬು. ಇಷ್ಟು ಖಚಿತವಾದ ಜೋಡಿಯನ್ನು ಕೈಯಲ್ಲಿಟ್ಟುಕೊಂಡು ಒಂದನ್ನು ಏಕೆ ಬಿಸಾಡಬೇಕು?

ನೆರೆಯ ನುಡಿಗಳೂ ಈ ಎರಡನ್ನು ಬೇರೆಯಾಗಿಯೇ ಇಟ್ಟುಕೊಂಡಿವೆ. ತೆಲುಗಿನಲ್ಲಿ ಕಬ್ಬಿಣಕ್ಕೆ ತುಪ್ಪು, ತಾಮ್ರಕ್ಕೆ ಚಿಲುಮು. ತಮಿಳಿನಲ್ಲಿ ತುರು ಮತ್ತು ಕಳಿಂಬು. ತೆಲುಗಿನ ಚಿಲುಮು ನಮ್ಮ ಕಿಲುಬಿನ ಒಡಹುಟ್ಟು. ಕನ್ನಡದ ಕೆರೆ ಅಲ್ಲಿ ಚೆರುವು, ಕಿವಿ ಅಲ್ಲಿ ಚೆವಿ. ಇ ಮತ್ತು ಎ ಸ್ವರಗಳ ಮುಂದೆ ನಾವು ಕಕಾರವನ್ನು ಉಳಿಸಿಕೊಂಡೆವು, ಅವರು ಚಕಾರ ಮಾಡಿಕೊಂಡರು. ಕೊನೆಯ ಬಕಾರ–ಮಕಾರಗಳ ಅದಲುಬದಲು ನಮ್ಮ ನುಡಿಗಳಲ್ಲಿ ಹೊಸದೇನಲ್ಲ. ಇಷ್ಟು ಹಳೆಯ ಪದ ಪುಣೆಯ ಕನ್ನಡ ಮನೆಗಳಲ್ಲಿ ಮಾಯವಾಗುತ್ತಿರುವುದಕ್ಕೆ ಕಾರಣ ನನಗೆ ಕಾಣುವಂತೆ ತುಕ್ಕಿಗೆ ಮರಾಠಿಯಲ್ಲಿರುವ ಪದ ‘ಗಂಜ್’. ಇಲ್ಲಿ ಬೆಳೆದ ಮಕ್ಕಳು ಲೋಹದ ಮೇಲೆ ಏನು ಕಂಡರೂ ಗಂಜ್ ಎಂದುಕೊಂಡು, ಅದನ್ನೇ ತುಕ್ಕು ಎಂದು ಕನ್ನಡಕ್ಕೆ ತರುತ್ತಾರೆ. ಮರಾಠಿಯನ್ನು ದೂರುವಂತಿಲ್ಲ, ಹಿತ್ತಾಳೆಯಲ್ಲಿ ಕೆಟ್ಟ ಮಜ್ಜಿಗೆಗೆ ಅವರಲ್ಲಿ ‘ಕಳಕಣೇ’ ಎಂಬ ಬೇರೆಯದೇ ಕ್ರಿಯಾಪದವಿದೆ. ಪುಣೆಯ ಕಸಬಾ ಪೇಟೆಯಲ್ಲಿರುವ ತಾಮ್ರಗಾರರ ಓಣಿ ತಾಂಬಟ ಆಳಿಯಲ್ಲಿ ತಾಮ್ರದ ಹಂಡೆಗಳ ನಡುವೆ ನಿಂತು ‘ತುಕ್ಕು’ ಎಂದು ಒಮ್ಮೆ ಹೇಳಿ ನೋಡಿ, ಪದ ಎಷ್ಟು ತಪ್ಪಾಗಿ ಕೇಳಿಸುತ್ತದೆ ಎಂದು ತಿಳಿಯುತ್ತದೆ.

ಇನ್ನು ಹಳಿ. ಇಂದಿನ ಬಹುತೇಕ ಮಾದರಿ ಹಳಿಗಳು ನಿಕ್ಕಲ್ ಸಿಲ್ವರ್‌ನವು. ಹೆಸರಿನಲ್ಲಿ ಬೆಳ್ಳಿ ಇದ್ದರೂ ಲೋಹದಲ್ಲಿ ಒಂದು ಕಣವೂ ಇಲ್ಲ: ಸಾಮಾನ್ಯ ಬೆರಕೆಯಲ್ಲಿ ಶೇಕಡಾ 60ರಷ್ಟು ತಾಮ್ರ, ಉಳಿದದ್ದು ನಿಕ್ಕಲ್ ಮತ್ತು ಸತು. ಪೂಜೆಯ ತಟ್ಟೆಗೆ ನಾವು ಜರ್ಮನ್ ಸಿಲ್ವರ್ ಎನ್ನುವುದೂ ಇದೇ ಬಳಗದ್ದು. ಕಬ್ಬಿಣವೇ ಇಲ್ಲದ ಕಡೆ ತುಕ್ಕು ಎಲ್ಲಿಂದ ಬರಬೇಕು? ಅಗ್ಗದ ಕೆಲವು ಸೆಟ್‌ಗಳಲ್ಲಿ ಉಕ್ಕಿನ ಹಳಿ ಇರುತ್ತದೆ. ಅದಕ್ಕೆ ಮಾತ್ರ ನಮ್ಮ ಮಳೆಗಾಲದಲ್ಲಿ ನಿಜವಾದ ತುಕ್ಕು ಹಿಡಿಯುತ್ತದೆ. ಅನುಮಾನವಿದ್ದರೆ ಅಯಸ್ಕಾಂತ ತಾಗಿಸಿ. ಅಂಟಿದರೆ ತುಕ್ಕು ಎನ್ನಿ, ಅಂಟದಿದ್ದರೆ ಆ ಪದವನ್ನು ಕೈಬಿಡಿ. ದೊಡ್ಡ ರೈಲಿನ ಹಳಿಗಂತೂ ತುಕ್ಕೇ ಸರಿ. ಗಾಡಿ ಓಡಾಡದ ಹಳಿಯ ಮೇಲೆ ತುಕ್ಕಿನ ಪದರ ಕಟ್ಟಿದರೆ, ಗಾಲಿಗಳ ಮೂಲಕ ಒಂದು ಹಳಿಯಿಂದ ಇನ್ನೊಂದಕ್ಕೆ ಸಿಗ್ನಲ್‌ನ ವಿದ್ಯುತ್ ಸರಿಯಾಗಿ ದಾಟದೆ, ಗಾಡಿ ನಿಂತಿರುವುದು ಸಿಗ್ನಲ್ ವ್ಯವಸ್ಥೆಗೆ ತಿಳಿಯದೆ ಹೋಗಬಹುದು.

ಪುಟಾಣಿ ರೈಲಿನಲ್ಲಂತೂ ಇಂಜಿನ್ ಓಡಲು ಗಾಲಿಯೇ ಹಳಿಯಿಂದ ವಿದ್ಯುತ್ ಎತ್ತಿಕೊಳ್ಳಬೇಕು. 16.5 ಮಿಲಿಮೀಟರ್ ಅಗಲದ ದಾರಿ, ಸುಮಾರು ಒಂದು ಮಿಲಿಮೀಟರಿನ ಹಳಿಯ ನೆತ್ತಿ, ಹಗುರವಾದ ಇಂಜಿನ್. ತೆಳುವಾದ ಪದರವೂ ಇದನ್ನು ನಿಲ್ಲಿಸುತ್ತದೆ. ಬಟ್ಟೆಯಲ್ಲಿ ಒರೆಸಿದಾಗ ಬರುವ ಕಪ್ಪು ಪೂರ್ತಿ ಕಿಲುಬೂ ಅಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಗಾಲಿ ಮತ್ತು ಹಳಿಯ ನಡುವೆ ಹಾರುವ ಸಣ್ಣ ಕಿಡಿಗಳಿಂದ ಹುಟ್ಟಿದ ಮಸಿ, ಇಂಜಿನ್‌ನಿಂದ ಒಸರಿದ ಎಣ್ಣೆಯ ಜಿಡ್ಡು, ಊರಿನ ದೂಳು ಅದರಲ್ಲಿ ಸೇರಿವೆ. ಮಸಿಯನ್ನೂ ಜಿಡ್ಡನ್ನೂ ಕೆರೆಯಬೇಕಿಲ್ಲ, ಒರೆಸಬೇಕು: ನಾರು ಬಿಡದ ಬಟ್ಟೆ, ಸ್ವಲ್ಪ ಐಸೊಪ್ರೊಪೈಲ್ ಆಲ್ಕೊಹಾಲ್, ಕಿಟಕಿ ತೆರೆದಿರಲಿ, ಹಳಿಗೆ ವಿದ್ಯುತ್ ಇರಬಾರದು. ಉಕ್ಕಿನ ನಾರು ಬೇಡವೇ ಬೇಡ. ಅದರ ಎಳೆಗಳನ್ನು ಮೋಟಾರಿನ ಅಯಸ್ಕಾಂತ ಒಳಗೆಳೆದುಕೊಳ್ಳುತ್ತದೆ. ಕಿಲುಬು ಎಂದ ಕೂಡಲೇ ಹುಣಸೆಹಣ್ಣು, ಉಪ್ಪು ತರುವವರಿಗೂ ಒಂದು ಮಾತು: ಹಂಡೆಯನ್ನು ತೊಳೆದು ಬಿಸಿಲಿಗಿಡಬಹುದು, ಮರದ ಹಲಗೆಗೆ ಮೊಳೆ ಹೊಡೆದ ಹಳಿಯನ್ನು ಹಾಗೆ ಮಾಡಲಾಗದು. ಸಂದಿನಲ್ಲಿ ಉಳಿದ ಹುಳಿ ಮತ್ತು ಉಪ್ಪು ಇನ್ನಷ್ಟು ಕಿಲುಬನ್ನೇ ತರುತ್ತವೆ.

ಗಾಲಿಗಳನ್ನು ಮರೆತರೆ ಒರೆಸಿದ ಹಳಿ ಒಂದೇ ಸಂಜೆಯಲ್ಲಿ ಮತ್ತೆ ಕಪ್ಪಾಗುತ್ತದೆ. ಆಲ್ಕೊಹಾಲ್‌ನಲ್ಲಿ ಅದ್ದಿದ ಬಟ್ಟೆಯನ್ನು ಹಳಿಯ ಮೇಲೆ ಅಡ್ಡ ಹಾಸಿ, ಅದು ಬಹುಮಟ್ಟಿಗೆ ಆರಿದ ಮೇಲೆ ಇಂಜಿನ್‌ನ ಅರ್ಧ ಗಾಲಿಗಳನ್ನು ಅದರ ಮೇಲೆ, ಉಳಿದರ್ಧವನ್ನು ಬರಿಯ ಹಳಿಯ ಮೇಲೆ ನಿಲ್ಲಿಸಿ, ಕೈಯಲ್ಲಿ ಹಿಡಿದು ನಿಧಾನವಾಗಿ ವಿದ್ಯುತ್ ಕೊಡಿ. ಬಟ್ಟೆಯ ಮೇಲೆ ಎರಡು ಕಪ್ಪು ಗೆರೆ ಮೂಡುತ್ತವೆ. ಗೆರೆ ಮೂಡುವುದು ನಿಲ್ಲುವವರೆಗೆ ಬಟ್ಟೆಯನ್ನು ಸರಿಸುತ್ತಿರಿ, ಆಮೇಲೆ ಇಂಜಿನ್ ತಿರುಗಿಸಿ ಇನ್ನರ್ಧ ಗಾಲಿಗಳಿಗೂ ಹಾಗೆಯೇ ಮಾಡಿ.