ಅಮ್ಮ ಕೇರ್ ಹೋಮ್ ಸೇರುವ ಮುಂಚೆ ಏನೇನು ಸಿದ್ಧವಾಗಿರಬೇಕು?

ಪ್ರಶ್ನೆ: ನಮ್ಮ ತಾಯಿಗೆ 82 ವರ್ಷ. ವಾಕರ್ ಹಿಡಿದು ನಡೆಯುತ್ತಾರೆ, ಮರೆವು ಶುರುವಾಗಿದೆ. ಇನ್ನು ಹದಿನೈದು ದಿನಕ್ಕೆ ಕೇರ್ ಹೋಮ್ ಸೇರುತ್ತಾರೆ. ಅಲ್ಲಿಯವರು ಕೊಟ್ಟ ಪಟ್ಟಿಯಲ್ಲಿ ಬಟ್ಟೆ, ಟವೆಲ್, ಸೋಪು ಅಂತಷ್ಟೇ ಇದೆ. ಬೇರೆ ಏನು ಸಿದ್ಧ ಮಾಡಿಕೊಳ್ಳಬೇಕು?

ಉತ್ತರ: ಸೋಪು ಮರೆತರೆ ಸಂಜೆಯೊಳಗೆ ತಂದುಕೊಡಬಹುದು. ಪಟ್ಟಿಯಲ್ಲಿಲ್ಲದ ಮುಖ್ಯ ಸಾಮಾನು ನಿಮ್ಮ ತಲೆಯೊಳಗಿದೆ. ಅಮ್ಮನಿಗೆ ಯಾವ ಕಿವಿ ಚೆನ್ನಾಗಿ ಕೇಳುತ್ತದೆ, ನೋವಾದರೆ ಬಾಯಿಬಿಟ್ಟು ಹೇಳುತ್ತಾರೋ ಸುಮ್ಮನೆ ಊಟ ಬಿಡುತ್ತಾರೋ, ಇದೆಲ್ಲ ನಿಮಗೆ ಗೊತ್ತು, ಕೇರ್ ಹೋಮಿನವರಿಗೆ ಗೊತ್ತಿಲ್ಲ. ಪಾಳಿ ಬದಲಾದಂತೆ ನೋಡಿಕೊಳ್ಳುವವರೂ ಬದಲಾಗುತ್ತಾರೆ. ಬೆಳಗಿನವರಿಗೆ ಬಾಯಲ್ಲಿ ಹೇಳಿದ್ದು ರಾತ್ರಿಯವರಿಗೆ ತಲುಪುತ್ತದೆ ಎಂದು ನೆಚ್ಚಿಕೊಳ್ಳಬೇಡಿ.

ಹಾಗಾಗಿ ಮೊದಲು ಒಂದು ಹಾಳೆ ಬರೆಯಿರಿ. ಒಂದೇ ಹಾಳೆ, ದೊಡ್ಡ ಅಕ್ಷರ. ನಾಲ್ಕು ಪುಟ ಬರೆದರೆ ಯಾರೂ ಓದುವುದಿಲ್ಲ. ‘ರಾತ್ರಿ ನಿದ್ದೆ ಕಡಿಮೆ’ ಎಂದು ಬರೆದರೆ ಏನೂ ಪ್ರಯೋಜನವಿಲ್ಲ. ‘ರಾತ್ರಿ 2ರ ಸುಮಾರಿಗೆ ಬಾತ್‌ರೂಮಿಗೆ ಏಳುತ್ತಾರೆ, ಮಂಚದ ಎಡಗಡೆಯಿಂದ ಇಳಿದು ರೂಢಿ, ಕತ್ತಲಿದ್ದರೆ ಗಾಬರಿಯಾಗುತ್ತಾರೆ’ ಎಂದು ಬರೆದರೆ ಒಂದು ಬೀಳುವಿಕೆ ತಪ್ಪಬಹುದು. ಏನೆಂದು ಕರೆದರೆ ಓಗೊಡುತ್ತಾರೆ, ಸ್ನಾನ ಯಾವ ಹೊತ್ತಿಗೆ, ಯಾವ ವಿಷಯ ಎತ್ತಿದರೆ ಅಳು ಬರುತ್ತದೆ, ಯಾವುದರಿಂದ ಸಮಾಧಾನವಾಗುತ್ತದೆ, ಎಲ್ಲ ಇದೇ ಹಾಳೆಯಲ್ಲಿರಲಿ. ಅಮ್ಮನ ಜೊತೆ ಕೂತೇ ಬರೆಯಿರಿ. ನಿಮಗೆ ಗೊತ್ತಿಲ್ಲದ ಒಂದೆರಡು ಸಂಗತಿ ಆಗ ಹೊರಬರುತ್ತವೆ.

ಎರಡನೆಯದು ಔಷಧಿ. ಹೆಚ್ಚು ತಪ್ಪಾಗುವುದು ಇಲ್ಲೇ. ಮಾತ್ರೆಗಳನ್ನು ಬಿಡಿಸಿ ಡಬ್ಬಿಗೆ ತುಂಬಿ ಕೊಡಬೇಡಿ. ಹೆಸರು, ಪ್ರಮಾಣ, ಅವಧಿ ಮುಗಿಯುವ ದಿನ ಕಾಣುವ ಮೂಲ ಪ್ಯಾಕೆಟ್ಟಿನಲ್ಲೇ ಕೊಡಿ. ಡಾಕ್ಟರ ಚೀಟಿ ಇತ್ತೀಚಿನದೇ ಇರಲಿ. ‘ದಿನಕ್ಕೆ ಎರಡು ಸಲ’ ಎನ್ನುವ ಬದಲು ಮನೆಯಲ್ಲಿ ನಿಜವಾಗಿ ಕೊಡುತ್ತಿದ್ದ ಗಂಟೆ ಬರೆಯಿರಿ. ಪಾರ್ಕಿನ್ಸನ್ (ಕೈಕಾಲು ನಡುಗುವ, ಮೈ ಬಿಗಿಯುವ ಕಾಯಿಲೆ) ಇರುವವರಿಗೆ ಇದು ಸಣ್ಣ ವಿಷಯವಲ್ಲ: ಅದರ ಔಷಧಿ ಲೆವೊಡೋಪಾ ಕೊಡುವ ಹೊತ್ತು ತಪ್ಪಿದರೆ ಮೈ ಬಿಗಿದು ಹೆಜ್ಜೆಯೇ ಏಳದಂತಾಗಬಹುದು. ಔಷಧಿ ಪ್ಯಾಚ್ (ಚರ್ಮಕ್ಕೆ ಅಂಟಿಸುವ ಔಷಧಿ ಪಟ್ಟಿ) ಹಚ್ಚುವುದಿದ್ದರೆ ಕೊನೆಯದನ್ನು ಯಾವತ್ತು, ಮೈಯ ಯಾವ ಭಾಗಕ್ಕೆ ಹಚ್ಚಿದ್ದು ಎಂದು ತಿಳಿಸಿ. ಹಳೆಯದು ಬೆನ್ನ ಮೇಲೆ ಉಳಿದು ಹೊಸದೂ ಅಂಟಿದರೆ ಔಷಧಿ ಮಿತಿಮೀರುತ್ತದೆ. ಮನೆಯವರೇ ಕೊಡುತ್ತಿದ್ದ ವಿಟಮಿನ್ನು, ಮಲಬದ್ಧತೆಯ ಪುಡಿ ಸಹ ಪಟ್ಟಿಯಲ್ಲಿರಲಿ. ಯಾವ ಔಷಧಿ ಮೈಗೆ ಒಗ್ಗುವುದಿಲ್ಲ ಎಂಬುದನ್ನು ಎಲ್ಲಕ್ಕಿಂತ ಮೇಲೆ, ಕೆಂಪು ಶಾಯಿಯಲ್ಲಿ.

ಬಟ್ಟೆ ಏಳೆಂಟು ಜೊತೆ ಸಾಕು. ಎಲ್ಲರ ಬಟ್ಟೆಯೂ ಒಟ್ಟಿಗೆ, ಬಿಸಿನೀರಲ್ಲಿ, ದೊಡ್ಡ ಮಷೀನಿನಲ್ಲಿ ಒಗೆಯುವ ಕಡೆ ಉಣ್ಣೆ ಕುಗ್ಗುತ್ತದೆ, ಪೆನ್ನಿನಲ್ಲಿ ಬರೆದ ಹೆಸರು ಮಾಸುತ್ತದೆ. ಹೆಸರಿರುವ ಬಟ್ಟೆಯ ಚೀಟಿಯನ್ನು ಒಳಬದಿಗೆ ಹೊಲಿಸಿಬಿಡಿ, ಕಾಲುಚೀಲಕ್ಕೂ. ಕೈ ಎತ್ತುವುದು ಕಷ್ಟವಿದ್ದರೆ ಮುಂದೆ ತೆರೆಯುವ ಬಟ್ಟೆ ಒಳ್ಳೆಯದು. ಹಿಮ್ಮಡಿ ತೆರೆದಿರುವ ಚಪ್ಪಲಿ ಮನೆಯಲ್ಲೇ ಇರಲಿ. ಹಿಮ್ಮಡಿ ಹಿಡಿಯುವ, ಜಾರದ ತಳದ ಶೂ ಬೇಕು.

ಅತಿ ಹೆಚ್ಚು ಕಳೆದುಹೋಗುವುದು ಸಣ್ಣ ವಸ್ತು: ಹಲ್ಲುಸೆಟ್ಟು, ಕನ್ನಡಕ, ಕಿವಿ ಮಷೀನು. ಊಟ ಮಾಡುವಾಗ ಹಲ್ಲುಸೆಟ್ಟು ತೆಗೆದು ಟಿಶ್ಯೂ ಪೇಪರಿನಲ್ಲಿ ಸುತ್ತಿ ತಟ್ಟೆಯ ಪಕ್ಕ ಇಡುತ್ತಾರೆ, ತಟ್ಟೆ ಎತ್ತುವವರು ಕಸದ ಜೊತೆ ಎಸೆಯುತ್ತಾರೆ. ಹೆಸರು ಬರೆದ, ಬಣ್ಣ ಎದ್ದು ಕಾಣುವ ಡಬ್ಬಿ ಕೊಡಿ. ಸೆಟ್ಟಿನ ಮೇಲೂ ಹೆಸರು ಹಾಕಿಕೊಡಲು ದಂತವೈದ್ಯರನ್ನು ಕೇಳಿ. ಕಿವಿ ಮಷೀನಿನ ಬ್ಯಾಟರಿಯ ಸ್ಟಿಕರ್ ಬಣ್ಣ ಹಾಳೆಯಲ್ಲಿ ಬರೆಯಿರಿ (312 ಸೈಜಿಗೆ ಕಂದು, 13 ಸೈಜಿಗೆ ಕಿತ್ತಳೆ). ಸ್ಟಿಕರ್ ಕಿತ್ತ ಮೇಲೆ ಬಳಸದಿದ್ದರೂ ಬ್ಯಾಟರಿ ಇಳಿಯುತ್ತಲೇ ಹೋಗುತ್ತದೆ; ಮುಂಚಿತವಾಗಿ ಕಿತ್ತಿಡಬೇಡಿ ಎಂದೂ ಸೇರಿಸಿ.

ಕೋಣೆಗೆ ಟೇಪು ಹಿಡಿದು ಹೋಗಿ. ವಾಕರ್ ತಿರುಗಲು ಜಾಗ ಉಳಿಯಬೇಕು. ಮುಂದೆ ಗಾಲಿಕುರ್ಚಿ ಬಂದರೆ ಅದು ತಿರುಗಲು ಸುಮಾರು 150 ಸೆಂ.ಮೀ. ಬೇಕು. ಮಂಚದ ಅಂಚಿನಲ್ಲಿ ಕೂತಾಗ ಎರಡೂ ಪಾದ ನೆಲಕ್ಕೆ ಊರುತ್ತವೆಯೇ ನೋಡಿ. ನೆಲಹಾಸು ಒಯ್ಯಬೇಡಿ, ವಾಕರ್ ಅದರಲ್ಲೇ ಸಿಕ್ಕಿಕೊಳ್ಳುತ್ತದೆ. ಒಯ್ಯುವುದಿದ್ದರೆ ಅವರು ದಿನಾ ಕೂರುವ ಕುರ್ಚಿ, ಹಳೇ ಹೊದಿಕೆ, ದೊಡ್ಡ ಅಂಕಿಯ ಗಡಿಯಾರ ಒಯ್ಯಿರಿ. ಹೊಸದು ಕೊಳ್ಳುವ ಆಸೆ ಬರುತ್ತದೆ. ಮರೆವಿರುವವರಿಗೆ ಹೊಸ ವಸ್ತು ಬೇರೆ ಯಾರದ್ದೋ ಅನ್ನಿಸುತ್ತದೆ.

ಹೋಗುವ ದಿನ ವಾರದ ಮಧ್ಯದ್ದಾಗಲಿ, ಬೆಳಗ್ಗೆ ಹತ್ತು ಹನ್ನೊಂದರ ಹೊತ್ತು. ವಾರಾಂತ್ಯದಲ್ಲಿ ಸಿಬ್ಬಂದಿ ಕಡಿಮೆ ಇರಬಹುದು. ಸಂಜೆಯಾದರೆ ಮರೆವಿನವರಿಗೆ ಕಳವಳ ಹೆಚ್ಚು. ಅಮ್ಮ ಬರುವ ಮುಂಚೆಯೇ ಒಬ್ಬರು ಹೋಗಿ ಹಾಸಿಗೆ ಹಾಸಿ, ಫೋಟೊ ತೂಗುಹಾಕಿರಲಿ.

ಅದೇ ದಿನ ಎರಡು ವಿಷಯ ನಿಮ್ಮೆದುರೇ ದಾಖಲಾಗಲಿ: ತೂಕ, ಮತ್ತು ಹಿಮ್ಮಡಿ, ಸೊಂಟದ ಕೆಳಗೆ ಚರ್ಮ ಕೆಂಪಾಗಿದೆಯೇ (ಒಂದೇ ಕಡೆ ಒತ್ತಿ ಹುಣ್ಣಾಗುವ ಗುರುತು) ಎಂಬುದು. ತಿಂಗಳಾದ ಮೇಲೆ ಅಮ್ಮ ಸೊರಗಿದ್ದಾರೆ ಅನ್ನಿಸಿದರೆ ಹೋಲಿಸಿ ನೋಡಲು ನಿಮ್ಮ ಕೈಯಲ್ಲಿ ಒಂದು ಅಂಕಿ ಇರುತ್ತದೆ.